ಮಾಲ್ಟಾಕ್ಕೆ ಒಂದು ತೆಂಗಿನಕಾಯಿ

ಫರಂಗಿಪೇಟೆಯಲ್ಲಿ ಯಾರು ಗಲ್ಫಿಗೆ ಹೊರಟರೂ ಅವರ ಬಾಕ್ಸ್ ಕಟ್ಟುವುದು ಲೋಕನಾಥ ಶೆಟ್ರು. ಮಸ್ಕತ್ತಿನ ಹೋಟೆಲೊಂದರ ಸ್ಟೋರಿನಲ್ಲಿ ಅರ್ಧ ಆಯುಷ್ಯ ಕಳೆದು ಬಂದವರು. ರಟ್ಟಿನ ಪೆಟ್ಟಿಗೆಯ ಮೂಲೆಮೂಲೆಗೆ ಬಟ್ಟೆ ತುರುಕಿ, ಉಪ್ಪಿನಕಾಯಿ ಬಾಟಲಿಯನ್ನು ಲುಂಗಿಯಲ್ಲಿ ಸುತ್ತಿ ನಡುವೆ ಮಲಗಿಸಿ, ಕೋರಿರೊಟ್ಟಿಯನ್ನು ಪುಡಿಯಾಗದ ಹಾಗೆ ಮೇಲಿಟ್ಟು, ಹಳದಿ ಹಗ್ಗದಿಂದ ಅಡ್ಡಕ್ಕೂ ಉದ್ದಕ್ಕೂ ಬಿಗಿದು, ಕಪ್ಪು ಮಾರ್ಕರಿನಲ್ಲಿ ಹೆಸರು ಬರೆದರೆಂದರೆ ಮುಗಿಯಿತು. ಅವರು ಕಟ್ಟಿದ ಬಾಕ್ಸು ದಾರಿಯಲ್ಲಿ ಬಿಚ್ಚಿಕೊಂಡದ್ದು ಈವರೆಗೆ ಇಲ್ಲ. ಇದನ್ನು ನಾವು ಹೇಳಬೇಕಾಗಿಲ್ಲ, ಅವರೇ ದಿನಕ್ಕೊಮ್ಮೆ ಹೇಳುತ್ತಾರೆ.

ಅಂಥವರ ಮನೆಯಲ್ಲಿ, ಮಳೆ ಜಡಿಯುವ ಆಟಿ ತಿಂಗಳ ಒಂದು ಭಾನುವಾರ ರಾತ್ರಿ ಎಲ್ಲರೂ ಪತ್ರೊಡೆ ತಿನ್ನುತ್ತಾ ಕೂತಿದ್ದಾಗ, ಸೊಸೆ ವಿಜೇತಾ ಸುದ್ದಿ ಬಿಟ್ಟಳು.

"ದಸರಾ ರಜೆಗೆ ನಾವೆಲ್ಲ ಮಾಲ್ಟಾಕ್ಕೆ ಹೋಗುವ. ನಾನೂ ಇವರೂ ಮಾತಾಡಿ ಆಯ್ತು."

'ಇವರು' ಅಂದರೆ ಶೆಟ್ರ ಮಗ ಉಜ್ವಲ್. ಗಂಡಹೆಂಡತಿ ಬಿ.ಸಿ. ರೋಡಿನಲ್ಲಿ ಊಟದ ಹೋಟೆಲ್ ನಡೆಸುವವರು. ದೀಪಾವಳಿ ಬಿಟ್ಟರೆ ಬಾಗಿಲು ಹಾಕಿ ಗೊತ್ತಿಲ್ಲದವರು ಒಂದು ವಾರ ಹೋಟೆಲ್ ಮುಚ್ಚುತ್ತಾರೆಂದರೆ ಶೆಟ್ರ ಕೈಯ ತುತ್ತು ಕೈಯಲ್ಲೇ ಉಳಿಯದೆ ಇನ್ನೇನು?

"ಅದೆಲ್ಲಿ ಉಂಟು?"

"ಮೆಡಿಟರೇನಿಯನ್ ಸಮುದ್ರದ ನಡುವೆ ಮಾವ. ದ್ವೀಪ."

"ನಮ್ಮವರು ಯಾರುಂಟು ಅಲ್ಲಿ?"

"ಯಾರೂ ಇಲ್ಲ."

"ಮತ್ತೆ ಎಂತಕ್ಕೆ ಹೋಗುದು?"

"ನೋಡ್ಲಿಕ್ಕೆ. ತಿರುಗ್ಲಿಕ್ಕೆ. ನೀರಲ್ಲಿ ಆಡ್ಲಿಕ್ಕೆ."

ಶೆಟ್ರಿಗೆ ಅರ್ಥವಾಗಲಿಲ್ಲ. ಈ ಮನೆಯಿಂದ ಹೊರಟ ಪೆಟ್ಟಿಗೆಗಳೆಲ್ಲ ದುಡಿಮೆಗೆ ಹೊರಟವು. ಆಚೆ ಕಡೆ ರೂಮಿನಲ್ಲಿ ಹತ್ತು ಜನ ಬಾಕ್ಸಿನ ದಾರಿ ಕಾಯುತ್ತಿರುತ್ತಿದ್ದರು. ಆಡಲಿಕ್ಕೆ ಅಂತ ಹೊರಟ ಪೆಟ್ಟಿಗೆಯನ್ನು ಅವರು ಕಂಡವರೇ ಅಲ್ಲ.

"ಆಯ್ತು, ಹೋಗುವ. ಬಾಕ್ಸ್ ನಾನು ಕಟ್ತೇನೆ. ಕುಚ್ಚಲಕ್ಕಿ, ಕೋರಿರೊಟ್ಟಿ, ಒಣ ಸಿಗಡಿ..."

"ಬಾಕ್ಸ್ ಇಲ್ಲ ಮಾವ," ಎಂದಳು ವಿಜೇತಾ. "ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಟ್ರಾಲಿ ಬ್ಯಾಗ್. ತೆಳ್ಳಗಿನ ಹತ್ತಿ ಬಟ್ಟೆ, ಟೊಪ್ಪಿ, ಕಪ್ಪು ಕನ್ನಡಕ, ಸನ್‌ಸ್ಕ್ರೀನ್, ಕಲ್ಲಿನ ಮೇಲೆ ನಡೀಲಿಕ್ಕೆ ಒಳ್ಳೆ ಚಪ್ಪಲಿ, ಸ್ವಿಮ್ಮಿಂಗ್ ಡ್ರೆಸ್. ಅಷ್ಟೆ."

ಹೈಸ್ಕೂಲಿನ ಮೊಮ್ಮಗಳು ತೃಷಾ ಮೊಬೈಲಿನಲ್ಲಿ ಆ ದ್ವೀಪದ ಚಿತ್ರ ತೆಗೆದು ಅಜ್ಜಿಯ ಮುಂದೆ ಹಿಡಿದಳು. ಶೆಟ್ರ ಹೆಂಡತಿ ಕಾಂತಕ್ಕ ಬಲಗೈ ಎಂಜಲಾಗಿದ್ದರಿಂದ ಎಡಗೈಯಲ್ಲೇ ಮೊಬೈಲ್ ತೆಗೆದುಕೊಂಡು ನೋಡಿದರು. ನೋಡಿಯೇ ನೋಡಿದರು. ನೀರು ಅಷ್ಟು ತಿಳಿ, ಅಡಿಯ ಕಲ್ಲು ಎಣಿಸುವಷ್ಟು ತಿಳಿ.

"ಇದರಲ್ಲಿ ಈಜಬಹುದಾ?"

"ಯಾರು ಬೇಕಾದ್ರೂ ಈಜಬಹುದು ಅಜ್ಜಿ."

"ಹಾಗಾದ್ರೆ ನಾನು ಈಜ್ತೇನೆ," ಎಂದರು ಕಾಂತಕ್ಕ.

ತೃಷಾ ಕಿಸಕ್ಕನೆ ನಕ್ಕಳು. ಅವಳು ಮೂಡುಬಿದಿರೆಯ ಈಜುಕೊಳದಲ್ಲಿ ತರಬೇತಿಗೆ ಹೋಗುವವಳು. "ಅಜ್ಜಿ, ನಿಮಗೆ ಈಜ್ಲಿಕ್ಕೆ ಬರ್ತದಾ?"

ಬರುತ್ತದೆಯೇ ಅಂತ ಕೇಳುತ್ತಾಳಲ್ಲ! ಕಾಂತಕ್ಕನ ತವರು ಹೊಳೆಯ ಆಚೆ ದಡದ ಸಜೀಪ. ಮಳೆಗಾಲದಲ್ಲಿ ನೇತ್ರಾವತಿ ಕೆಂಪಾಗಿ ಉಕ್ಕಿ ಬೊಳ್ಳ, ಅಂದರೆ ನೆರೆ, ಬಂದಾಗ ಮೇಲಿನ ಊರುಗಳ ತೋಟದ ತೆಂಗಿನಕಾಯಿಗಳು ಸಾಲುಸಾಲಾಗಿ ತೇಲಿಕೊಂಡು ಬರುತ್ತಿದ್ದವು. ದಡದಲ್ಲಿ ನಿಂತವರು "ಬತ್ತ್ಂಡ್, ಬತ್ತ್ಂಡ್!" ಎಂದು ತುಳುವಿನಲ್ಲಿ ಕೂಗುವುದು, ಬಂತು ಬಂತು ಎಂದು, ನೀರಿಗೆ ಹಾರಿದವರು ಕಾಯಿ ಹಿಡಿದು ತರುವುದು. ಹಾರುವವರೆಲ್ಲ ಗಂಡಸರು, ಜೊತೆಗೆ ಲಂಗ ಎತ್ತಿ ಕಟ್ಟಿದ ಕಾಂತಿ ಒಬ್ಬಳು. ಅವಳು ನೀರಿಗೆ ಹಾರಿದ ಮೇಲೆ ಕಾಯಿ ತಪ್ಪಿಸಿಕೊಂಡು ಕೆಳಗಿನ ಫರಂಗಿಪೇಟೆಯವರೆಗೆ ತೇಲಿದ್ದಿಲ್ಲ.

ಕಾಂತಕ್ಕ ಇದನ್ನೆಲ್ಲ ಹೇಳಿದರು. ತೃಷಾಳ ಬಾಯಿ ತೆರೆದುಕೊಂಡೇ ಉಳಿಯಿತು. ಶೆಟ್ರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬುರುಡೆ ಬಿಡುದಕ್ಕೂ ಒಂದು ಲೆಕ್ಕ ಬೇಡ್ವಾ ಮಾರಾಯ್ತಿ? ಬೊಳ್ಳದ ನೀರಿಗೆ ಹಾರಿದ್ದಂತೆ! ಮದುವೆ ಆಗಿ ಇಷ್ಟು ವರ್ಷ ಆಯ್ತು, ನೀನು ಪಾದ ಅದ್ದಿದ್ದನ್ನು ನಾನು ನೋಡ್ಲಿಲ್ಲ."

"ಮಾಮಿಗೂ ಒಂದು ಸ್ವಿಮ್ಮಿಂಗ್ ಡ್ರೆಸ್ ತರುವ," ಎಂದಳು ವಿಜೇತಾ, ತಣ್ಣಗೆ.

ಶೆಟ್ರ ನಗು ನಿಂತಿತು. "ಯಾರಿಗೆ? ಇವಳಿಗಾ? ಅಜ್ಜಿಯಾದವಳು ಚಡ್ಡಿ ಹಾಕಿ ಬೀಚಲ್ಲಿ ನಿಲ್ಲುದಾ? ನಾನು ಈ ಪೇಟೆಯಲ್ಲಿ ತಲೆ ಎತ್ತಿ ನಡೀಬೇಕಾ ಬೇಡ್ವಾ?"

"ಅಪ್ಪ, ಮಾಲ್ಟಾದಲ್ಲಿ ಫರಂಗಿಪೇಟೆಯವರು ಯಾರಿರ್ತಾರೆ?" ಎಂದ ಉಜ್ವಲ್.

"ನಾನಿರ್ತೇನಲ್ಲ!"

ಕಾಂತಕ್ಕ ತಟ್ಟೆ ತೆಗೆದುಕೊಂಡು ಎದ್ದು ಹೋದರು. ಚಡ್ಡಿಯ ಮಾತು ಅವರಿಗೆ ತಾಗಲಿಲ್ಲ. ಬುರುಡೆ ಅಂದದ್ದು ತಾಗಿತು, ಅದೂ ಮೊಮ್ಮಗಳ ಎದುರು. ಆ ಸಮುದ್ರಕ್ಕೆ ಇಳಿದೇ ಇಳಿಯುತ್ತೇನೆ ಎಂದು ಅವರು ಆವತ್ತು ಪಾತ್ರೆ ತಿಕ್ಕುತ್ತಾ ನಿಶ್ಚಯ ಮಾಡಿದರು. ಪಾತ್ರೆಗಳ ಸದ್ದು ಚಾವಡಿಯವರೆಗೆ ಕೇಳಿತು.

ಮರುವಾರ ತೃಷಾಳ ಜೊತೆ ಬಸ್ಸು ಹತ್ತಿ ಮೂಡುಬಿದಿರೆಗೆ ಹೋದರು. ಹೆಂಗಸರ ಹೊತ್ತು ಬೇರೆಯೇ ಇತ್ತು. ಕಾಂತಕ್ಕ ಒಂದು ಹೊಸ ನೈಟಿ ಹಾಕಿ, ಸೊಂಟಕ್ಕೆ ಟವೆಲು ಬಿಗಿದು, ಕೊಳದ ಅಂಚಿಗೆ ಬಂದು ನಿಂತರು. ತರಬೇತಿಯ ಹುಡುಗಿ ಸುರಕ್ಷಾ ಓಡಿ ಬಂದಳು.

"ಆಂಟಿ, ನೈಟಿಯಲ್ಲಿ ಬಿಡುವ ಹಾಗಿಲ್ಲ. ಕಾಲಿಗೆ ಸುತ್ತಿಕೊಳ್ತದೆ. ಸ್ವಿಮ್ಮಿಂಗ್ ಡ್ರೆಸ್ ಬೇಕು."

"ನಾನು ಲಂಗದಲ್ಲಿ ಬೊಳ್ಳ ದಾಟಿದವಳು ಮಗಾ."

"ಇರಬಹುದು ಆಂಟಿ. ಇಲ್ಲಿ ರೂಲ್ಸ್ ಉಂಟು."

ಒಂದು ಹನಿ ನೀರೂ ತಾಗದೆ ಕಾಂತಕ್ಕ ಹಿಂದೆ ಬಂದರು. ಬಸ್ಸಿನಲ್ಲಿ ತೃಷಾ ಏನು ಕೇಳಿದರೂ ಹೂಂ, ಹೂಂ ಎಂದಷ್ಟೇ ಉತ್ತರ.

ಮನೆಗೆ ಬರುವಾಗ ಪಕ್ಕದ ಮನೆಯ ರುಖಿಯಮ್ಮ ಗೇಟಿನಲ್ಲೇ ಸಿಕ್ಕರು. ರುಖಿಯಮ್ಮ ಟೈಲರ್. ಎರಡು ಮನೆಗಳ ನಡುವೆ ಗೋಡೆ ಇರುವುದು ಹೆಸರಿಗೆ, ಪತ್ರೊಡೆ ಆಚೆ ಹೋದರೆ ನೈಪತ್ತಲ್ ರೊಟ್ಟಿ ಈಚೆ ಬರುತ್ತದೆ. ಕಾಂತಕ್ಕ ಎಲ್ಲವನ್ನೂ ಹೇಳಿಬಿಟ್ಟರು. ರುಖಿಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

"ಇದಕ್ಕಾ ಮುಖ ಊದಿಸಿಕೊಂಡದ್ದು? ಕಾಂತಕ್ಕ, ನನ್ನ ಮಗಳು ಶಾರ್ಜಾದಲ್ಲಿ ಮಕ್ಕಳ ಜೊತೆ ದಿನಾ ಈಜ್ತಾಳೆ. ಅವಳ ಡ್ರೆಸ್ ನೋಡಿದ್ದೀರಾ? ಕುತ್ತಿಗೆಯಿಂದ ಕಾಲಿನ ಗಂಟಿನವರೆಗೆ. ಮೇಲಿಂದ ಮೊಣಕಾಲಿನವರೆಗೆ ಅಂಗಿ. ಬರುವ ವಾರ ಅವಳ ಗಂಡ ಬರ್ತಾನೆ, ನಿಮ್ಮ ಅಳತೆ ಹೇಳಿ ಒಂದು ತರಿಸ್ತೇನೆ."

ಬಂತು. ಗಾಢ ನೀಲಿ ಬಣ್ಣದ್ದು. ತೋಳಿನಲ್ಲಿ ಸ್ವಲ್ಪ ಸಡಿಲವಿತ್ತು, ರುಖಿಯಮ್ಮ ಹೊಲಿಗೆ ಹಾಕಿ ಕೊಟ್ಟರು. ಕಾಂತಕ್ಕ ಅದನ್ನು ಬಚ್ಚಿಡಲಿಲ್ಲ. ನೇರವಾಗಿ ಚಾವಡಿಗೆ ತಂದು ಗಂಡನ ಎದುರು ಬಿಡಿಸಿ ಹಿಡಿದರು.

"ನೋಡಿ. ನಿಮಗೆ ಇನ್ನೆಂತ ಕಾಣ್ತದೆ ಇದರಲ್ಲಿ?"

ಶೆಟ್ರು ಕನ್ನಡಕ ಏರಿಸಿ ನೋಡಿದರು. ಆಕ್ಷೇಪಕ್ಕೆ ಎಲ್ಲಿಯೂ ಜಾಗ ಸಿಗಲಿಲ್ಲ. ಜಾಗ ಸಿಗದಿದ್ದರೆ ಸಿಟ್ಟು ಬರುವ ಜಾತಿಯ ಮನುಷ್ಯ ಅವರು.

"ಅದು ಬ್ಯಾಗಿಗೆ ಹೋದ್ರೆ ನಾನು ಬರುದಿಲ್ಲ. ಮುಗೀತು."

"ಬರ್ಬೇಡಿ. ನಿಮ್ಮ ಬದಲು ರುಖಿಯಮ್ಮನನ್ನು ಕರ್ಕೊಂಡು ಹೋಗ್ತೇನೆ."

"ಹೋಗು! ಯಾರು ಬೇಡ ಹೇಳಿದ್ದು?"

ಅಲ್ಲಿಂದ ಆ ಮನೆಯಲ್ಲಿ ಭಾನುವಾರಗಳು ಕಷ್ಟದವಾದವು. ಕಾಂತಕ್ಕ ಬೆಳಿಗ್ಗೆಯೇ ನೀರುದೋಸೆ ಹೊಯ್ದು ಮುಚ್ಚಿಟ್ಟು, ನೀಲಿ ಬಟ್ಟೆಯ ಚೀಲ ಹಿಡಿದು ಮೊಮ್ಮಗಳೊಂದಿಗೆ ಹೊರಡುತ್ತಿದ್ದರು. ಮಧ್ಯಾಹ್ನದ ಅಡುಗೆ ಇಲ್ಲ. ಶೆಟ್ರು ತಾವೇ ಗಂಜಿ ಬೇಯಿಸಿ, ಉಪ್ಪಿನಕಾಯಿ ಹಾಕಿಕೊಂಡು, ಬೀದಿಗೆ ಕಾಣುವ ಹಾಗೆ ಜಗಲಿಯಲ್ಲಿ ಕೂತು ಉಣ್ಣುತ್ತಿದ್ದರು.

"ಅಪ್ಪ, ಹೋಟೆಲಿಂದ ಊಟ ಕಳಿಸ್ಲಾ?" ಎಂದು ಉಜ್ವಲ್ ಫೋನ್ ಮಾಡಿದರೆ, "ಬೇಡ. ನಾನು ಮಸ್ಕತ್ತಲ್ಲಿ ಒಬ್ಬನೇ ಬೇಯಿಸಿ ತಿಂದವ," ಎಂದು ಇಟ್ಟುಬಿಡುತ್ತಿದ್ದರು.

ಇನ್ನು ಕೊಳದ ಕಥೆ. ಮೊದಲ ದಿನ ಕಾಂತಕ್ಕ ನೀರಿಗಿಳಿದು ನಾಲ್ಕು ಕೈ ಹಾಕುವಷ್ಟರಲ್ಲಿ ಉಸಿರು ಕಟ್ಟಿ ಕಂಬಿ ಹಿಡಿದರು. ಭುಜ ಕಲ್ಲಿನ ಹಾಗೆ. ಎದೆ ಡವಡವ. ಸುರಕ್ಷಾ ಹತ್ತಿರ ಬಂದು, "ಸಾಕಾ ಆಂಟಿ?" ಎಂದಳು. ಕಾಂತಕ್ಕನಿಗೆ ಅಳು ಬಂತು. ಗಂಡ ಹೇಳಿದ್ದು ಹೌದೋ ಏನೋ, ಹೊಳೆಗೆ ಹಾರುತ್ತಿದ್ದ ಆ ಹುಡುಗಿ ತಾನು ಹೌದೋ ಅಲ್ಲವೋ ಎಂದೇ ಒಂದು ಕ್ಷಣ ಅನಿಸಿಬಿಟ್ಟಿತು. ಮುಖವೆಲ್ಲ ಒದ್ದೆಯಾಗಿದ್ದುದರಿಂದ ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ.

ಆದರೆ ಬಿಡುವ ಪೈಕಿ ಅಲ್ಲ ಅವರು. ಮುಂದಿನ ವಾರ ಒಂದು ಬದಿಗೆ ಮಲಗಿ, ಎಡಗೈ ಮುಂದೆ ಚಾಚಿ, ಬಲಗೈಯಲ್ಲಿ ನೀರನ್ನು ಹಿಂದಕ್ಕೆ ಸರಿಸುತ್ತಾ ಹೊರಟರು. ಒಂದು ಕೈಯಲ್ಲಿ ಕಾಯಿ ಹಿಡಿದು ಈಜುವವರ ಈಜು ಅದು. ಮೈಗೆ ಅದು ನೆನಪಿತ್ತು. ಅತ್ತ ತಲುಪಿ, ತಿರುಗಿ ಇತ್ತ ಬಂದರು. ಅಂಚಿನಲ್ಲಿ ಕೂತ ಹುಡುಗಿಯರು ಚಪ್ಪಾಳೆ ತಟ್ಟಿದರು. ತೃಷಾ ಎಲ್ಲರಿಗೂ ಕೇಳುವ ಹಾಗೆ, "ನನ್ನ ಅಜ್ಜಿ!" ಎಂದಳು.

"ಇದು ಯಾವ ಸ್ಟ್ರೋಕ್ ಆಂಟಿ?" ಎಂದು ಸುರಕ್ಷಾ ಕೇಳಿದಳು.

"ಕಾಯಿ ಸ್ಟ್ರೋಕ್," ಎಂದರು ಕಾಂತಕ್ಕ ಬಿಗುಮಾನದಿಂದ.

ಆಟಿ ಕಳೆದ ಮೇಲೆ ಬೆಳ್ತಂಗಡಿಯಲ್ಲಿ ಸಂಬಂಧಿಕರ ಮದುವೆ ಬಂತು. ಮನೆಯಲ್ಲಿ ಮಾತಿಲ್ಲದಿದ್ದರೂ ಮದುವೆಗೆ ಗಂಡಹೆಂಡತಿ ಒಟ್ಟಿಗೇ ಹೋಗಬೇಕಲ್ಲ, ಹೋದರು. ಊಟದ ಸಾಲಿನಲ್ಲಿ ಶೆಟ್ರ ಎದುರು ಬಂದು ಕೂತವರು ಸಜೀಪದ ಸರಸ. ಕಾಂತಕ್ಕನ ಬಾಲ್ಯದ ಗೆಳತಿ. ಸಣ್ಣ ಧ್ವನಿ ಅವರಿಗೆ ದೇವರು ಕೊಟ್ಟೇ ಇಲ್ಲ.

"ಲೋಕನಾಥಣ್ಣ, ನಮ್ಮ ಊರಿನ ಚಿನ್ನವನ್ನೇ ಹೊತ್ತುಕೊಂಡು ಹೋದಿರಿ ನೀವು! ಇವಳು ಹೋದ ಮೇಲೆ ನಮ್ಮ ಕಡೆ ಬೊಳ್ಳದ ಕಾಯಿ ಹಿಡಿಯುವವರೇ ಇರ್ಲಿಲ್ಲ. ಒಂದು ವರ್ಷ ಇವಳು ಹಿಡಿದ ಕಾಯಿಯಲ್ಲಿ ಇವಳಮ್ಮ ಇಡೀ ಮಳೆಗಾಲಕ್ಕೆ ಎಣ್ಣೆ ಮಾಡಿಸಿದ್ದರು. ನನ್ನ ತಮ್ಮ ಸುಳಿಗೆ ಸಿಕ್ಕಿದಾಗ ಜುಟ್ಟು ಹಿಡಿದು ಎಳೆದು ತಂದದ್ದು ಇವಳೇ. ಅವ ಈಗ ಇದೇ ಬೆಳ್ತಂಗಡಿಯಲ್ಲಿ ಮೇಷ್ಟ್ರು. ಹೇಳಿರಬೇಕಲ್ಲ ಇವಳು?"

ಬಡಿಸುವವನು ಹೋಳಿಗೆ ಹಿಡಿದು ನಿಂತೇ ಇದ್ದ. ಅಕ್ಕಪಕ್ಕದವರು ಕಾಂತಕ್ಕನನ್ನೇ ನೋಡುತ್ತಿದ್ದರು. ಶೆಟ್ರು ಎಲೆಯತ್ತ ನೋಡಿದರು, ಹೆಂಡತಿಯತ್ತ ನೋಡಿದರು, "ಹೋಳಿಗೆ ಹಾಕು ಮಾರಾಯ," ಎಂದರು.

ಹಿಂದೆ ಬರುವಾಗ ಕಾರು ಓಡಿಸಿದ್ದು ಶೆಟ್ರು. ಪುಂಜಾಲಕಟ್ಟೆ ದಾಟಿದ ಮೇಲೆ ಬಾಯಿ ಬಿಟ್ಟರು.

"ಸರಸ ಹೇಳಿದ್ದು ನಿಜವಾ?"

"ನಾನು ಹೇಳಿದಾಗ ನಿಜ ಇರ್ಲಿಲ್ವಾ?"

ಶೆಟ್ರು ಗೇರ್ ಬದಲಿಸಿದರು. ಬದಲಿಸುವ ಅಗತ್ಯವೇನೂ ಇರಲಿಲ್ಲ.

"ಮತ್ತೆ ಇಲ್ಲಿಗೆ ಬಂದ ಮೇಲೆ ಯಾಕೆ ಹೊಳೆಗೆ ಇಳೀಲಿಲ್ಲ? ಮನೆ ಹಿಂದೆಯೇ ಇತ್ತಲ್ಲ?"

ಇದನ್ನು ಕೇಳಲಿಕ್ಕೆ ಇಷ್ಟು ವರ್ಷ ಬೇಕಾಯಿತು ಈ ಮನುಷ್ಯನಿಗೆ ಎಂದು ಕಾಂತಕ್ಕನ ಕಣ್ಣು ತುಂಬಿತು. ಧ್ವನಿ ಮಾತ್ರ ಗಟ್ಟಿಯಾಗಿಯೇ ಇತ್ತು.

"ನೀವು ಮಸ್ಕತ್ತಲ್ಲಿ. ಗಂಡ ಊರಲ್ಲಿ ಇಲ್ಲದ ಹೆಂಗಸು ಹೊಳೆಯಲ್ಲಿ ಆಡ್ತಾಳೆ ಅಂತ ಜನ ಹೇಳಬಾರದು, ನಿಮ್ಮ ಕಿವಿಗೆ ಬೀಳಬಾರದು ಅಂತ. ನಿಮ್ಮ ಬಾಕ್ಸಿಗೆ ಉಪ್ಪಿನಕಾಯಿ ಹಾಕಿ ಕೊಟ್ಟೆ, ಸಂಡಿಗೆ ಹುರಿದು ಕೊಟ್ಟೆ. ನನಗೆ ಅಂತ ಒಂದು ಬ್ಯಾಗ್ ತುಂಬಿಸಿದ್ದು ಉಂಟಾ? ಈಗ ಒಂದು ತುಂಬಿಸ್ತಿದ್ದೇನೆ. ಅದರಲ್ಲಿ ಆ ಡ್ರೆಸ್ ಇರ್ತದೆ."

ಶೆಟ್ರು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಬಿ.ಸಿ. ರೋಡಿನಲ್ಲಿ ಕಾರು ನಿಲ್ಲಿಸಿ ಹೆಂಡತಿಗೊಂದು ಎಳನೀರು ಕೊಡಿಸಿದರು.

ಹೊರಡುವ ಹಿಂದಿನ ದಿನ ಮನೆಯೆಂದರೆ ಮನೆಯಲ್ಲ, ಜಾತ್ರೆಯೂ ಅಲ್ಲ, ನಡುವಿನದೇನೋ ಆಗಿತ್ತು. ಹೇಳದೆ ಕೇಳದೆ ಶೆಟ್ರು ಚಾವಡಿಯ ನಡುವೆ ರಟ್ಟಿನ ಪೆಟ್ಟಿಗೆ ಇಟ್ಟು, ಕುಚ್ಚಲಕ್ಕಿ ತುಂಬಿಸಿ, ಹಳದಿ ಹಗ್ಗ ಹಿಡಿದು ಕೂತಿದ್ದರು. ಕಾಂತಕ್ಕನಿಗೆ ಒಳಗೊಳಗೇ ಸಮಾಧಾನ: ಬಾಕ್ಸ್ ಕಟ್ಟುವ ಮನುಷ್ಯ ಬರುವ ಮನುಷ್ಯನೇ. ವಿಜೇತಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮಾವ, ಈ ಅಕ್ಕಿ ಯಾರಿಗೆ?"

"ಅಲ್ಲಿ ಯಾರಾದ್ರೂ ಸಿಕ್ಕಿದ್ರೆ?"

"ಯಾರು ಸಿಕ್ತಾರೆ?"

"ನಮ್ಮವರು ಇಲ್ಲದ ಊರು ಉಂಟಾ ಮಾರಾಯ್ತಿ ಈ ಪ್ರಪಂಚದಲ್ಲಿ? ಪಾಪ, ಯಾವುದೋ ಹೋಟೆಲಲ್ಲಿ ಒಬ್ಬ ಬಂಟ್ವಾಳದ ಹುಡುಗ ಇದ್ದರೆ? ಕೈ ಬೀಸಿಕೊಂಡು ಹೋಗುದಾ?"

ವಿಜೇತಾ ಹುಟ್ಟಿದ್ದು ಮೂಡುಬಿದಿರೆಯಲ್ಲಿ, ಅವಳಪ್ಪ ಕುವೈತಿನಲ್ಲಿದ್ದವರು. ಬಾಕ್ಸಿನ ದಾರಿ ಕಾಯುವುದೆಂದರೆ ಏನೆಂದು ಅವಳಿಗೂ ಗೊತ್ತಿತ್ತು. ಧ್ವನಿ ತಗ್ಗಿಸಿದಳು.

"ಒಂದು ಕೋರಿರೊಟ್ಟಿ ಪ್ಯಾಕೆಟ್ ಇರ್ಲಿ ಮಾವ. ನನ್ನ ಬ್ಯಾಗಿಗೆ ಹಾಕ್ತೇನೆ. ಅಕ್ಕಿ ಬೇಡ."

"ಮತ್ತೊಂದು ತೆಂಗಿನಕಾಯಿ."

"ಅಲ್ಲಿ ಕಾಯಿ ಒಡೀಲಿಕ್ಕೆ ದೇವಸ್ಥಾನ ಇಲ್ಲ."

"ಒಡೀಲಿಕ್ಕೆ ಅಲ್ಲ. ಒಂದೇ ಒಂದು. ಯಾಕೆ ಅಂತ ಕೇಳ್ಬೇಡ. ಒಣ ಕೊಬ್ಬರಿಗೆ ತಕರಾರು, ಹಸಿ ಕಾಯಿಗೆ ಇಲ್ಲ. ನಾನು ವಿಚಾರಿಸಿ ಆಯ್ತು."

ಕಾಂತಕ್ಕ ತಮ್ಮ ಬ್ಯಾಗ್ ತೆರೆದಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದರು. ಎರಡು ಚೂಡಿದಾರ್, ಒಂದು ಹತ್ತಿ ಸೀರೆ, ತೃಷಾ ಕೊಟ್ಟ ದೊಡ್ಡ ಟೊಪ್ಪಿ. ಎಲ್ಲಕ್ಕಿಂತ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಮಡಚಿಟ್ಟ ನೀಲಿ ಬಟ್ಟೆ. ಶೆಟ್ರು ಬಂದು ಬಗ್ಗಿ ನೋಡಿದರು. ಚಾವಡಿಯಲ್ಲಿ ಎಲ್ಲರೂ ಕೈಕೆಲಸ ನಿಲ್ಲಿಸಿದರು. ಅವರು ಕೈ ಹಾಕಿ ಆ ಬಟ್ಟೆಯನ್ನೇ ಎತ್ತಿದರು.

"ಅದನ್ನು ಅಲ್ಲೇ ಇಡಿ," ಎಂದರು ಕಾಂತಕ್ಕ.

"ಹೀಗೆ ಮಡಚಿದ್ರೆ ಜಾಗ ಹಾಳು. ಇಷ್ಟು ವರ್ಷ ನನ್ನ ಕೈಲಿ ಎಂತ ನೋಡಿದ್ದು ನೀನು?" ಎಂದು ಶೆಟ್ರು ಕೆಳಗೆ ಕೂತರು. ಸುಲಿದ ತೆಂಗಿನಕಾಯಿಯನ್ನು ನಡುವೆ ಇಟ್ಟು, ಉಪ್ಪಿನಕಾಯಿ ಬಾಟಲಿಗೆ ಲುಂಗಿ ಸುತ್ತುವ ಹಾಗೆ ಸ್ವಿಮ್ಮಿಂಗ್ ಡ್ರೆಸ್ಸನ್ನು ಅದರ ಸುತ್ತ ಬಿಗಿಯಾಗಿ ಸುತ್ತಿ, ಬ್ಯಾಗಿನ ಮೂಲೆಗೆ ತಳ್ಳಿದರು. ಜಿಪ್ ಎಳೆದರು. ಅಭ್ಯಾಸದಂತೆ ಮಾರ್ಕರ್ ತೆಗೆದು ಬ್ಯಾಗಿನ ಮೇಲಿನ ಚೀಟಿಯಲ್ಲಿ 'ಲೋ' ಎಂದು ಬರೆಯಲು ಶುರುಮಾಡಿದರು.

"ಏ," ಎಂದರು ಕಾಂತಕ್ಕ. "ಬ್ಯಾಗ್ ಯಾರದ್ದು?"

ಶೆಟ್ರು ಆ ಚೀಟಿ ಹರಿದು ಇನ್ನೊಂದು ಅಂಟಿಸಿದರು. ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದರು: ಕಾಂತಿ, ಫರಂಗಿಪೇಟೆ. ಬರೆದು ದೂರ ಹಿಡಿದು ನೋಡಿ, ಮತ್ತೊಮ್ಮೆ ದಪ್ಪ ಮಾಡಿದರು. ಅಡುಗೆಮನೆಯ ಕಡೆಗೆ ಹೋಗುವಾಗ ಕಾಂತಕ್ಕನ ನಡಿಗೆಯೇ ಬೇರೆಯಾಗಿತ್ತು.

ಮಾಲ್ಟಾ ಚಿತ್ರದಲ್ಲಿದ್ದ ಹಾಗೆಯೇ ಇತ್ತು. ಜೇನಿನ ಬಣ್ಣದ ಕಲ್ಲು, ಸುಡುವ ಬಿಸಿಲು, ಮರಳಿಲ್ಲದ ದಡ. ಬಂಡೆಯಿಂದ ನೀರಿಗೆ ಇಳಿಯಲಿಕ್ಕೆ ಕಬ್ಬಿಣದ ಏಣಿ. ಸುತ್ತ ತುಂಡು ಬಟ್ಟೆಯಲ್ಲಿ ಮಲಗಿದವರ ಕಡೆ ನೋಡಲಾಗದೆ ಶೆಟ್ರು ಆಕಾಶ ನೋಡುತ್ತಾ ನಡೆದು ಎರಡು ಸಲ ಎಡವಿದರು. ಉಜ್ವಲ್ ಅವರ ತೋಳು ಹಿಡಿದು ಒಂದು ಕಲ್ಲಿನ ಮೇಲೆ ಕೂರಿಸಿದ.

ಕಾಂತಕ್ಕ ನೀಲಿ ಉಡುಪಿನಲ್ಲಿ ಏಣಿ ಇಳಿದರು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ತಣ್ಣಗಿತ್ತು. ಉಪ್ಪು ನೀರು ಮೈಯನ್ನು ತಾನೇ ಎತ್ತಿ ಹಿಡಿಯಿತು. ಅವರು ಕೈ ಬೀಸಿ ಹೊರಟರು. ಹಿಂದೆ ತೃಷಾ, "ಅಜ್ಜೀ, ನಿಧಾನ!" ಎನ್ನುತ್ತಾ ಬರುತ್ತಿದ್ದವಳು ಅಲ್ಲೇ ಹಿಂದೆ ಉಳಿದಳು. ನದಿಯಲ್ಲಿ ಕಾಣದ ತಳ ಇಲ್ಲಿ ಕಾಣುತ್ತಿತ್ತು. ತಮ್ಮ ನೆರಳೇ ತಮ್ಮ ಕೆಳಗೆ ಈಜುವುದು ಕಂಡು ಕಾಂತಕ್ಕನಿಗೆ ಗಟ್ಟಿಯಾಗಿ ನಗು ಬಂತು. ಇಷ್ಟೊಂದು ಖುಷಿಯನ್ನು ಅವರು ಎಲ್ಲಿಟ್ಟಿದ್ದರೋ ಇಷ್ಟು ದಿನ.

ಅಷ್ಟರಲ್ಲಿ ದಡದಿಂದ ಕೇಳಿತು.

"ಬತ್ತ್ಂಡ್! ಬತ್ತ್ಂಡ್!"

ತಿರುಗಿ ನೋಡಿದರು. ಬಂಡೆಯ ತುದಿಯಲ್ಲಿ ಲೋಕನಾಥ ಶೆಟ್ರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ನಿಂತಿದ್ದರು. ಕೈಯಲ್ಲಿದ್ದ ತೆಂಗಿನಕಾಯಿಯನ್ನು ಬೀಸಿ ಎಸೆದರು. ಅದು ಗಾಳಿಯಲ್ಲಿ ತಿರುಗುತ್ತಾ ಬಂದು, ಕಾಂತಕ್ಕನಿಂದ ಸ್ವಲ್ಪ ದೂರದಲ್ಲಿ ಚಬಕ್ಕನೆ ಬಿದ್ದು, ಮುಳುಗಿ, ಎದ್ದು ತೇಲಿತು.

"ಬತ್ತ್ಂಡ್ ಕಾಂತೀ! ಹಿಡಿ! ಹೋಯ್ತು ನೋಡು ಅತ್ಲಾಗಿ!"

ಮಲಗಿದವರೆಲ್ಲ ಎದ್ದು ಕೂತರು. ಈ ಪೇಟೆಯಲ್ಲಿ ತಲೆ ಎತ್ತಿ ನಡೆಯಬೇಕು ಎಂದಿದ್ದ ಮನುಷ್ಯ ಪರದೇಶದ ಬಂಡೆಯ ಮೇಲೆ ನಿಂತು ತುಳುವಿನಲ್ಲಿ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ವಿಜೇತಾ ಎರಡೂ ಕೈ ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅವಳ ಕಣ್ಣಲ್ಲಿ ನೀರೂ ಇತ್ತು.

ಕಾಂತಕ್ಕ ಬದಿಗೆ ಮಲಗಿದರು, ನೀರನ್ನು ಸೀಳಿಕೊಂಡು ಹೋದರು, ಅಲೆ ಕಾಯಿಯನ್ನು ಆಚೆ ಎಳೆಯುವ ಮೊದಲೇ ಎಡಗೈಯಲ್ಲಿ ಹಿಡಿದರು. ಹಿಡಿದ ಕಾಯಿಯನ್ನು ತಲೆಯ ಮೇಲೆತ್ತಿ ತೋರಿಸಿದರು. ದಡದಲ್ಲಿ ಚಪ್ಪಾಳೆ ಬಿತ್ತು. ಪಕ್ಕದ ಕಲ್ಲಿನಲ್ಲಿ ಗಾಳ ಹಾಕಿ ಕೂತಿದ್ದ ಆ ಊರಿನ ಮುದುಕನೊಬ್ಬ ಏನೋ ಕೇಳಿದ. ಶೆಟ್ರು ಎದೆ ಉಬ್ಬಿಸಿ ತಮ್ಮ ಮಸ್ಕತ್ತಿನ ಇಂಗ್ಲಿಷಿನಲ್ಲಿ, "ಮೈ ವೈಫ್. ನೇತ್ರಾವತಿ ರಿವರ್. ನೋ ಕೋಕನಟ್ ಎಸ್ಕೇಪ್!" ಎಂದದ್ದು ನೀರಿನಲ್ಲಿದ್ದ ಕಾಂತಕ್ಕನಿಗೂ ಕೇಳಿಸಿತು.

ಒಂದು ಕೈಯಲ್ಲಿ ಕಾಯಿ, ಒಂದು ಕೈಯಲ್ಲಿ ಸಮುದ್ರ. ಏಣಿಯ ಹತ್ತಿರ ಬಂದರು. ಶೆಟ್ರು ಬಗ್ಗಿ ಕೈ ಚಾಚಿದರು, ಅವರನ್ನು ಮೇಲೆ ಎಳೆದುಕೊಳ್ಳಲಿಕ್ಕೆ.

ಕಾಂತಕ್ಕ ಆ ಕೈಯಲ್ಲಿ ಕಾಯಿ ಇಟ್ಟರು.

"ಇಷ್ಟು ಹತ್ತಿರ ಬಿಸಾಡುದಾ ಮಾರಾಯ್ರೆ? ಇನ್ನೂ ದೂರ ಬಿಸಾಡಿ," ಎಂದು ಹೇಳಿ, ಕಾಲಿನಿಂದ ಬಂಡೆಯನ್ನೊದ್ದು, ಮತ್ತೆ ಹೊರಟರು.